ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ (ನಿಜ ಆಟಗಾರರ ಅಂಕಿಅಂಶಗಳ ಮೇಲೆ ಆಡುವ ಕಾಲ್ಪನಿಕ ತಂಡಗಳ ಆಟ) ಫಾರ್ಮ್ ಕಳೆದುಕೊಂಡ ಆಟಗಾರನನ್ನು ಇನ್ನೊಂದು ತಂಡದ ಮಾಲೀಕನಿಂದ ಟ್ರೇಡ್ ಮಾಡಿ ತಗೊಳ್ಳಬಹುದೇ?

ತಗೊಳ್ಳಬಹುದು, ಆದರೆ ಬ್ಯಾಟಿಂಗ್ ಸರಾಸರಿ ಕುಸಿದಿದೆ ಎಂಬ ಒಂದೇ ಕಾರಣಕ್ಕಲ್ಲ. ಮೊದಲು ಬ್ಯಾಬಿಪ್ ನೋಡಿ: ಹೋಮ್ ರನ್ ಬಿಟ್ಟು, ಮೈದಾನದೊಳಗೆ ಹೋದ ಹೊಡೆತಗಳಲ್ಲಿ ಎಷ್ಟು ಹಿಟ್ ಆದವು ಎಂಬ ಲೆಕ್ಕ. ಲೀಗ್ ಸರಾಸರಿ ಸುಮಾರು .290–.300. ಆಟಗಾರನದು .220 ಇದ್ದು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು) ಪ್ರಮಾಣವೂ ಚೆಂಡು ಬ್ಯಾಟಿನಿಂದ ಚಿಮ್ಮುವ ವೇಗವೂ ಹಿಂದಿನ ವರ್ಷದಷ್ಟೇ ಇದ್ದರೆ ಬಹುಮಟ್ಟಿಗೆ ದುರದೃಷ್ಟವೇ, ಟ್ರೇಡ್ ಕೇಳಿ ನೋಡಿ. ಸ್ಟ್ರೈಕ್‌ಔಟ್ ಏರಿ ವೇಗ ಇಳಿದಿದ್ದರೆ ಗಾಯವನ್ನೋ ವಯಸ್ಸನ್ನೋ ಶಂಕಿಸಿ, ಅಗ್ಗವೆಂದು ಮುಗಿಬೀಳಬೇಡಿ. ಪಿಚರ್ (ಚೆಂಡೆಸೆಯುವವ) ಆದರೆ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಬದಲು ಎಫ್‌ಐಪಿ (ಫೀಲ್ಡರ್‌ಗಳ ಪಾತ್ರ ಬಿಟ್ಟು ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್‌ಗಳಿಂದ ಪಿಚರ್‌ನನ್ನು ಅಳೆಯುವ ಲೆಕ್ಕ) ಮತ್ತು ಫಾಸ್ಟ್‌ಬಾಲ್ ವೇಗ ನೋಡಿ.

ಕುಸಿದವರು ಚೇತರಿಸಿಕೊಳ್ಳುವುದುಂಟು: 2024ರ ಮೇ ಮಧ್ಯದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಫ್ರಾನ್ಸಿಸ್ಕೊ ಲಿಂಡೋರ್ ಸರಾಸರಿ .200ಕ್ಕಿಂತ ಕೆಳಗಿತ್ತು, ಋತು ಮುಗಿದಾಗ .273, 33 ಹೋಮ್ ರನ್.

ಟ್ರೇಡ್‌ಗೆ ಬದಲಾಗಿ, ಅದೃಷ್ಟದಿಂದ ಮಿಂಚುತ್ತಿರುವ ನಿಮ್ಮ ಸಾಧಾರಣ ಆಟಗಾರನನ್ನು ಕೊಡಿ. ‘ನಿಮ್ಮವನ ಕಥೆ ಮುಗೀತಲ್ಲ’ ಎಂದು ಹಂಗಿಸಬೇಡಿ. ರೇಗಿದ ಮಾಲೀಕ ಅಗ್ಗಕ್ಕೆ ಬಿಟ್ಟುಕೊಡುವುದಿಲ್ಲ.