ಐದು ತಿಂಗಳ ಮಗುವಿನೊಂದಿಗೆ ಊರಿಗೆ ಹೊರಟಿದ್ದೇವೆ, ಮಡಚಿ ಒಯ್ಯುವ ಕ್ರಿಬ್ ಯಾವುದು ಒಳ್ಳೆಯದು?

ಹಗುರವಾಗಿರಬೇಕು, ಬೇಗ ಮಡಚಬೇಕು, ಹಾಸಿಗೆ ಮೆತ್ತಗಿರಬೇಕು, ಅಂಥ ಕ್ರಿಬ್ ಹೇಳಿ ಎಂದು ಕೇಳಿದ್ದೀರಿ. ಮೊದಲ ಎರಡು ಸರಿ. ಮೂರನೆಯದನ್ನು ಈಗಲೇ ಮನಸ್ಸಿನಿಂದ ತೆಗೆದುಹಾಕಿ. ಮೆತ್ತನೆಯ ಹಾಸಿಗೆಯಿಂದಲೇ ನಾವು ಮಗಳನ್ನು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದವರು.

ಅವಳಿಗೂ ಆಗ ನಿಮ್ಮ ಮಗುವಿನ ವಯಸ್ಸೇ. ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಹೋಗಿದ್ದೆವು. ಕ್ರಿಬ್ ಚೆನ್ನಾಗಿಯೇ ಇತ್ತು: ನಾಲ್ಕೂ ಕಡೆ ಜಾಲರಿ ಬಟ್ಟೆಯ ಗೋಡೆ, ಮೇಲಂಚಿಗೆ ನಡುವೆ ಮಡಚುವ ಕಂಬಿ, ತಳಕ್ಕೆ ವೆಲ್ಕ್ರೋ ಪಟ್ಟಿಯಿಂದ ಕೂರಿಸುವ ತೆಳು ಪ್ಯಾಡ್. ನಡುಮನೆಯಲ್ಲಿ ಅದನ್ನು ಬಿಡಿಸಿ ನಿಲ್ಲಿಸಿದಾಗ ಅಮ್ಮ ಪ್ಯಾಡನ್ನು ಅಂಗೈಯಿಂದ ಒತ್ತಿ ನೋಡಿದರು. "ಇದರ ಮೇಲೆ ಮಗುವನ್ನು ಮಲಗಿಸುತ್ತೀಯೇನೋ? ಬರೀ ರಟ್ಟು!" ಎಂದರು. ಮೊಮ್ಮಗಳು ಬರುತ್ತಾಳೆಂದು ಅವರು ಹೊಸ ಹತ್ತಿ ತುಂಬಿಸಿ ಪುಟ್ಟ ಹಾಸಿಗೆ ಹೊಲಿಸಿಟ್ಟಿದ್ದರು. ತಲೆ ದುಂಡಗಾಗಲಿ ಎಂದು ರಾಗಿ ದಿಂಬೂ ಸಿದ್ಧವಿತ್ತು. ಕ್ರಿಬ್ಬಿನ ಜೊತೆ ಬಂದ ಪುಸ್ತಿಕೆಯಲ್ಲಿ ಬೇರೆ ಹಾಸಿಗೆ ಸೇರಿಸಬೇಡಿ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ ಎಂದು ನನ್ನ ಹೆಂಡತಿ ನೆನಪಿಸಿದಳು. ಅದನ್ನು ನಾನೂ ಓದಿದ್ದೆ. ಆದರೂ ಅಮ್ಮನ ಮುಖ ನೋಡಿ, "ಇವತ್ತೊಂದು ರಾತ್ರಿ ಇರಲಿ ಬಿಡು" ಎಂದೆ. ದಿಂಬನ್ನು ಮಾತ್ರ ತೆಗೆದಿಟ್ಟೆವು.

ನಸುಕಿನಲ್ಲಿ ಹೆಂಡತಿಗೆ ಎಚ್ಚರವಾಯಿತು. ಮಗು ಮಗುಚಿಕೊಂಡು, ಹಾಸಿಗೆಯ ಅಂಚಿನಿಂದ ಜಾರಿ, ಹಾಸಿಗೆಗೂ ಜಾಲರಿಗೂ ನಡುವಿನ ಸಂದಿಯಲ್ಲಿ ಮುಖ ಕೆಳಗಾಗಿ ಸಿಕ್ಕಿಕೊಂಡಿತ್ತು. ಎತ್ತಿಕೊಂಡಾಗ ತುಟಿಯ ಸುತ್ತ ನೀಲಿ. ಬೆನ್ನು ಉಜ್ಜಿ ಅಂಗಾಲು ತಟ್ಟಿದ ಮೇಲೆ ಒಂದು ಉಸಿರು ಎಳೆದು ಅತ್ತಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಪಾದಕ್ಕೆ ಆಮ್ಲಜನಕ ಅಳೆಯುವ ಪಟ್ಟಿ ಸುತ್ತಿ ನಿಗಾದಲ್ಲಿ ಇಟ್ಟುಕೊಂಡರು. ಆ ಯಂತ್ರದ ಅಂಕಿ ಒಂದು ಇಳಿದರೂ ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಮಗಳು ಈಗ ಆರೋಗ್ಯವಾಗಿದ್ದಾಳೆ. ಆದರೆ ಅಮ್ಮ ಆಮೇಲೆ ಎಷ್ಟೋ ಕಾಲ ಮೊಮ್ಮಗಳನ್ನು ತಾವೇ ಮಲಗಿಸಲು ಮುಂದೆ ಬರಲಿಲ್ಲ. ಪ್ರೀತಿಯಿಂದ ಹೊಲಿಸಿದ ಹಾಸಿಗೆಗೆ ಅವರು ಇಷ್ಟು ನೋಯಬೇಕಾಗಿ ಬಂದದ್ದು ನಾನು ಆ ರಾತ್ರಿ ಬಾಯಿ ಮುಚ್ಚಿಕೊಂಡಿದ್ದರಿಂದ.

ಅಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ "ಹಾಸಿಗೆ ಹಾಕಬೇಡಿ" ಎಂದಷ್ಟೇ ಹೇಳಿದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ನಾನೇ ಒಪ್ಪಿರಲಿಲ್ಲ. ಮರದ ತೊಟ್ಟಿಲಿನ ಗೋಡೆ ಗಟ್ಟಿ, ಒತ್ತಿದರೆ ಅಲ್ಲಾಡುವುದಿಲ್ಲ. ಮಡಚುವ ಕ್ರಿಬ್ಬಿನ ಗೋಡೆ ಬಟ್ಟೆಯದು. ಮಗುವಿನ ಭಾರ ಬಿದ್ದ ಕಡೆ ಅದು ಹೊರಕ್ಕೆ ಉಬ್ಬುತ್ತದೆ. ನಾನು ಆಮೇಲೆ ಮೊಣಕೈ ಊರಿ ಒತ್ತಿ ನೋಡಿದಾಗ ನಾಲ್ಕು ಬೆರಳು ತೂರುವಷ್ಟು ಜಾಗ ಆಯಿತು. ಜೊತೆಗೆ ಬಂದ ತೆಳು ಪ್ಯಾಡ್ ಇದ್ದಾಗ ಇದರಿಂದ ತೊಂದರೆಯಿಲ್ಲ, ಮಗು ಜಾರಿದರೂ ಬೀಳುವಷ್ಟು ಆಳವೇ ಇರುವುದಿಲ್ಲ. ಅದರ ಮೇಲೆ ಮೂರು ನಾಲ್ಕು ಇಂಚಿನ ಹತ್ತಿ ಹಾಸಿಗೆ ಇಟ್ಟರೆ ಅಂಚಿನಲ್ಲಿ ಒಂದು ಕಾಲುವೆಯೇ ಸಿದ್ಧವಾಗುತ್ತದೆ. ಹಾಸಿಗೆಯನ್ನು ಅಳತೆಗೆ ಸರಿಯಾಗಿ ಹೊಲಿಸಿದರೂ ಅಷ್ಟೇ. ಸುಮ್ಮನೆ ನೋಡುವಾಗ ಸಂದಿ ಕಾಣುವುದೇ ಇಲ್ಲ, ಮಗು ಅಲ್ಲಿಗೆ ಉರುಳಿದಾಗಲೇ ಅದು ಬಾಯಿ ತೆರೆಯುತ್ತದೆ.

ಈ ವಯಸ್ಸೇ ಅಪಾಯದ್ದು. ನಾಲ್ಕರಿಂದ ಆರು ತಿಂಗಳ ಮಗು ಒಂದು ಕಡೆಗೆ ಮಗುಚಲು ಕಲಿತಿರುತ್ತದೆ, ತಿರುಗಿ ಬರಲು ಇನ್ನೂ ಬಂದಿರುವುದಿಲ್ಲ. ಮುಖ ಸಂದಿಯೊಳಗೆ ಸಿಕ್ಕಿದರೆ ತಲೆ ಎತ್ತಲು ಕತ್ತಿನಲ್ಲಿ ಬಲ ಸಾಲುವುದಿಲ್ಲ. ಜಾಲರಿಯಲ್ಲಿ ಗಾಳಿ ಆಡುತ್ತದಲ್ಲ ಎಂದು ನೀವು ಕೇಳಬಹುದು. ಮೂಗು ಬಾಯಿ ಒತ್ತಿಕೊಳ್ಳುವುದು ಹತ್ತಿಗೆ. ಅಲ್ಲಿ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಳಲೂ ಆಗುವುದಿಲ್ಲ, ಹಾಗಾಗಿ ಪಕ್ಕದಲ್ಲೇ ಮಲಗಿದವರಿಗೂ ಸದ್ದು ಕೇಳಿಸುವುದಿಲ್ಲ. ಇನ್ನೊಂದು ವಿಷಯ, ಹಾಸಿಗೆ ಎತ್ತರವಾದಷ್ಟೂ ಗೋಡೆ ಗಿಡ್ಡವಾಗುತ್ತದೆ. ನಾಳೆ ಎದ್ದು ನಿಲ್ಲಲು ಕಲಿತ ಮಗು ಅದನ್ನು ದಾಟಿ ತಲೆಕೆಳಗಾಗಿ ಬೀಳುತ್ತದೆ. ಕ್ರಿಬ್ಬಿನ ಜೊತೆ ಬಂದ ಪ್ಯಾಡ್ ಬಿಟ್ಟು ಬೇರೆ ಹಾಸಿಗೆ ಸೇರಿಸಲೇಬಾರದು ಎಂದು ಅಮೆರಿಕದ ಗ್ರಾಹಕ ಉತ್ಪನ್ನಗಳ ಸುರಕ್ಷತಾ ಆಯೋಗ ಎಚ್ಚರಿಸುವುದು ಇದಕ್ಕೇ. ಆನ್‌ಲೈನ್ ಅಂಗಡಿಗಳಲ್ಲಿ "ಟ್ರಾವೆಲ್ ಕ್ರಿಬ್‌ಗೆ ಮೆಮೊರಿ ಫೋಮ್ ಹಾಸಿಗೆ" ಎಂದು ಬೇರೆಯಾಗಿ ಮಾರುತ್ತಾರೆ. ಅದನ್ನು ಕೊಳ್ಳಬೇಡಿ.

ಗಟ್ಟಿಯಾದರೆ ಮಗುವಿಗೆ ಬೆನ್ನು ನೋಯುವುದಿಲ್ಲವೇ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ. ನೋಯುವುದಿಲ್ಲ. ಗಟ್ಟಿಯಾದ, ಸಮತಟ್ಟಾದ, ಓರೆಯಿಲ್ಲದ ಜಾಗದಲ್ಲಿ ಬೆನ್ನ ಮೇಲೆ ಮಲಗಿಸಿ, ದಿಂಬು, ಹೊದಿಕೆ, ಬೊಂಬೆ ಏನೂ ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯಲ್ಲೂ ಹೇಳಿದೆ. ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಅಭಿಯಾನ ಅಲ್ಲಿ 1994ರಲ್ಲಿ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ರಾಗಿ ದಿಂಬಿನ ಮಾತು ಬಂದರೆ ಹೀಗೆ ಹೇಳಿ: ಹಗಲು ಎಚ್ಚರವಿದ್ದಾಗ ಮಗುವನ್ನು ಬೋರಲು ಹಾಕಿ ಆಡಿಸಿದರೆ ತಲೆ ಚಪ್ಪಟೆಯಾಗದಂತೆ ತಡೆಯಲು ಅದೇ ಸಹಾಯ ಮಾಡುತ್ತದೆ, ದಿಂಬು ಬೇಕಿಲ್ಲ. ಮಲೆನಾಡಿನ ಚಳಿಗೆ ಕಂಬಳಿಯ ಬದಲು ತುಂಬು ತೋಳಿನ ಅಂಗಿ, ಅದರ ಮೇಲೆ ತೋಳಿಲ್ಲದ ಚೀಲದಂಥ ಮಲಗುವ ಉಡುಪು ಹಾಕಿ. ಕುಲಾವಿ ಕಟ್ಟಿ ಮಲಗಿಸಬೇಡಿ. ಮೈ ಬಿಸಿ ಹೆಚ್ಚಿದರೂ ಅಪಾಯ, ಅದು ಜಾರಿ ಮುಖಕ್ಕೆ ಬಂದರೂ ಅಪಾಯ.

ಇನ್ನು ನೀವು ಕೇಳಿದ "ಯಾವುದು" ಎಂಬ ಮಾತಿಗೆ ಬರುತ್ತೇನೆ. ನಾನು ಬ್ರಾಂಡ್ ಹೇಳುವುದಿಲ್ಲ. ಅಂಗಡಿಯಲ್ಲಿ ನಿಮ್ಮ ಕೈಯಿಂದಲೇ ಬಿಡಿಸಿ ನಿಲ್ಲಿಸಿ ನೋಡದೆ ಕೊಳ್ಳಬೇಡಿ ಎನ್ನುತ್ತೇನೆ. ಹೆಚ್ಚಿನ ಮಾದರಿಗಳಲ್ಲಿ ಮೊದಲು ನಾಲ್ಕೂ ಬದಿಯ ಕಂಬಿಗಳನ್ನು ಮೇಲೆತ್ತಿ ಲಾಕ್ ಮಾಡಬೇಕು, ಆಮೇಲೆ ತಳದ ನಡುಭಾಗವನ್ನು ಕೆಳಕ್ಕೆ ಒತ್ತಬೇಕು. ನಿಂತ ಮೇಲೆ ಒಂದೊಂದು ಕಂಬಿಯ ನಡುವಿಗೂ ಅಂಗೈ ಊರಿ ನಿಮ್ಮ ಭಾರ ಬಿಡಿ. ಒಂದೇ ಒಂದು ಬದಿ ತಗ್ಗಿದರೂ ಅಲ್ಲೇ ಬಿಟ್ಟು ಬನ್ನಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1998ರ ಮೇ ತಿಂಗಳಲ್ಲಿ ಶಿಕಾಗೊದಲ್ಲಿ ಡ್ಯಾನಿ ಕೇಸರ್ ಎಂಬ ಪುಟ್ಟ ಹುಡುಗ ತನ್ನನ್ನು ನೋಡಿಕೊಳ್ಳುವವರ ಮನೆಯಲ್ಲಿ ಮಲಗಿದ್ದಾಗ ಮಡಚುವ ಕ್ರಿಬ್ಬಿನ ಕಂಬಿ ಇಂಗ್ಲಿಷಿನ ವಿ ಅಕ್ಷರದಂತೆ ಕುಸಿದು ಅವನ ಕುತ್ತಿಗೆಯನ್ನು ಹಿಡಿದುಕೊಂಡಿತು. ಮಗು ಉಳಿಯಲಿಲ್ಲ. ಪ್ಲೇಸ್ಕೂಲ್ ಟ್ರಾವೆಲ್-ಲೈಟ್ ಎಂಬ ಆ ಮಾದರಿಯನ್ನು 1993ರಲ್ಲೇ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಯಲಾಗಿತ್ತು. ಐದು ವರ್ಷ ಕಳೆದರೂ ಆ ಸುದ್ದಿ ಆ ಮನೆಗೆ ತಲುಪಿರಲಿಲ್ಲ. ಅವನ ತಂದೆ ತಾಯಿ ಬೋಅಜ್ ಕೇಸರ್ ಮತ್ತು ಲಿಂಡಾ ಗಿನ್ಜೆಲ್ ಕಿಡ್ಸ್ ಇನ್ ಡೇಂಜರ್ ಎಂಬ ಸಂಸ್ಥೆ ಕಟ್ಟಿದರು. 2008ರ ಅಮೆರಿಕದ ಗ್ರಾಹಕ ಸುರಕ್ಷತಾ ಕಾಯ್ದೆಯ ಒಂದು ಭಾಗಕ್ಕೆ ಡ್ಯಾನಿಯ ಹೆಸರಿದೆ. ಇಂಥ ವಸ್ತುಗಳ ಜೊತೆ ಕೊಂಡವರ ವಿಳಾಸ ನೋಂದಾಯಿಸುವ ಕಾರ್ಡ್ ಇರಲೇಬೇಕು ಎಂದಾದದ್ದು ಅದರಿಂದಲೇ.

ಆದ್ದರಿಂದ ಅಕ್ಕನ ಮನೆಯಲ್ಲೋ ಸ್ನೇಹಿತರ ಅಟ್ಟದಲ್ಲೋ ಇರುವ ಹಳೆಯ ಕ್ರಿಬ್ ಬಿಟ್ಟಿ ಸಿಗುತ್ತದೆಂದು ತಂದುಕೊಳ್ಳಬೇಡಿ. ತರಲೇಬೇಕಾದರೆ ತಳದಲ್ಲಿ ಹೊಲಿದಿರುವ ಚೀಟಿಯಲ್ಲಿ ಮಾದರಿ ಸಂಖ್ಯೆ, ತಯಾರಾದ ತಿಂಗಳು ನೋಡಿ, ಆ ಸುರಕ್ಷತಾ ಆಯೋಗದ ಜಾಲತಾಣದಲ್ಲಿ ಹಿಂದಕ್ಕೆ ಕರೆಸಿಕೊಂಡ ವಸ್ತುಗಳ ಪಟ್ಟಿ ಹುಡುಕಿ. ಜಾಲರಿಯ ಕಣ್ಣು ಕಾಲು ಇಂಚಿಗಿಂತ ಚಿಕ್ಕದಿರಬೇಕು. ಎಲ್ಲೂ ಹರಿದಿರಬಾರದು, ಹೊಲಿಗೆ ಬಿಟ್ಟಿರಬಾರದು. ಅಮೆರಿಕದ ಎಎಸ್‌ಟಿಎಂ ಎಫ್406 ಅಥವಾ ಯುರೋಪಿನ ಇಎನ್ 716 ಎಂಬ ಗುರುತು ಇದ್ದರೆ ಪರೀಕ್ಷೆಗೆ ಒಳಪಟ್ಟದ್ದು ಎಂದು ನಂಬಬಹುದು. ಮೇಲ್ಭಾಗದಲ್ಲಿ ಸಿಕ್ಕಿಸುವ ಪುಟ್ಟ ತೊಟ್ಟಿಲಿನ ಭಾಗ ಕೊಟ್ಟಿದ್ದರೆ, ಮಗು ಅಂಗೈ ಮೊಣಕಾಲು ಊರಿ ಏಳುವ ಪ್ರಯತ್ನ ಮಾಡಿದ ದಿನವೇ ಅದನ್ನು ಕಳಚಿಡಿ. ನಿಮ್ಮ ಮಗುವಿಗೆ ಆ ದಿನ ದೂರವಿಲ್ಲ.

ಓರೆಯಾಗಿ ಮಲಗಿಸುವ ಸೀಟುಗಳ ಬಗ್ಗೆ ನನ್ನದು ಒಂದೇ ಮಾತು, ಬೇಡ. ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಿರುವ ಮಲಗುವ ಸಾಧನಗಳನ್ನೂ ಕ್ರಿಬ್ಬಿನ ಒಳಬದಿಗೆ ಕಟ್ಟುವ ಮೆತ್ತೆಗಳನ್ನೂ ಅಮೆರಿಕ 2022ರ ಕಾನೂನಿನಿಂದ ನಿಷೇಧಿಸಿದೆ. ಓರೆಯಲ್ಲಿ ಮಗುವಿನ ಗಲ್ಲ ಎದೆಗೆ ಒತ್ತಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕಾರಿನ ಸೀಟಿಗೂ ಇದೇ ಮಾತು. ಕಾರು ಓಡುವಾಗ ಅದು ಬೇಕೇ ಬೇಕು, ಆದರೆ ಊರು ತಲುಪಿದ ಮೇಲೆ "ಪಾಪ, ನಿದ್ದೆ ಮಾಡಿದೆ" ಎಂದು ಅದರಲ್ಲೇ ಜಗಲಿಯ ಮೇಲೆ ಇಡಬೇಡಿ. ಸೀರೆಯ ಜೋಲಿಯಲ್ಲೂ ಬೆನ್ನು ಬಾಗಿ ಗಲ್ಲ ಎದೆಗೆ ಬರುತ್ತದೆ. ನಾವೆಲ್ಲ ಅದರಲ್ಲೇ ಬೆಳೆದವರು, ನಿಜ. ಪಕ್ಕದಲ್ಲಿ ಕುಳಿತು ತೂಗುವವರು ಮಗುವಿನ ಮುಖ ನೋಡುತ್ತಿದ್ದ ಹಗಲಿನ ಜೋಲಿ ಅದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಗು ಅದರಲ್ಲಿ ಇರಬಾರದು. ತೊಲೆಗೆ ತೂಗುಹಾಕಿದ ಹಳೆಯ ಮರದ ತೊಟ್ಟಿಲು ಮನೆಯಲ್ಲಿದ್ದರೆ ಸರಳುಗಳ ನಡುವಿನ ಅಂತರ ಅಳೆಯಿರಿ, ಆರು ಸೆಂಟಿಮೀಟರ್ ದಾಟಬಾರದು. ನಮ್ಮ ಮನೆಯದರಲ್ಲಿ ನನ್ನ ಮುಷ್ಟಿಯೇ ಸಲೀಸಾಗಿ ಹೋಗಿ ಬಂತು.

ರೈಲಿನಲ್ಲಿ ಯಾವ ಕ್ರಿಬ್ಬೂ ಕೆಲಸಕ್ಕೆ ಬರುವುದಿಲ್ಲ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್‌ನಲ್ಲಿ ಕೆಳಗಿನ ಬರ್ತಿಗೆ ಜೋಡಿಸುವ ಮಗುವಿನ ಬರ್ತನ್ನು ಪ್ರಯೋಗಕ್ಕೆಂದು ಇಟ್ಟಿದ್ದರು. ಅದರ ಅಗಲ ಒಂದು ಗೇಣಿಗಿಂತ ತುಸು ಹೆಚ್ಚು. ನೀವು ಹತ್ತುವ ರೈಲಿನಲ್ಲಿ ಅದು ಇರುತ್ತದೆಂದು ನೆಚ್ಚಿಕೊಳ್ಳಬೇಡಿ. ಹಗಲಿನ ರೈಲು ಹಿಡಿಯಿರಿ, ಒಬ್ಬರಾದ ಮೇಲೆ ಒಬ್ಬರು ಎಚ್ಚರವಿದ್ದು ಮಗುವನ್ನು ಎತ್ತಿಕೊಳ್ಳಿ.

ಇನ್ನೊಂದು ಮಾತು ನಿಮಗೆ ಹಿಡಿಸದಿರಬಹುದು. ಎರಡು ಮೂರು ರಾತ್ರಿಗಾಗಿ ಹೋಗುವುದಾದರೆ ಕ್ರಿಬ್ಬೇ ಬೇಡ ಎನ್ನುವವನು ನಾನು. ಗುಡಿಸಿ ಒರೆಸಿದ ನೆಲ, ಗಟ್ಟಿ ಚಾಪೆ, ಅದರ ಮೇಲೆ ಸುಕ್ಕಿಲ್ಲದೆ ಎಳೆದು ಸಿಕ್ಕಿಸಿದ ಒಂದು ತೆಳು ಜಮಖಾನೆ, ಗೋಡೆಯಿಂದಲೂ ನಿಮ್ಮ ಹಾಸಿಗೆಯಿಂದಲೂ ಎರಡು ಮೂರು ಅಡಿ ದೂರ. ಅಷ್ಟು ಸಾಕು. ಆದರೆ ಇರುವೆ, ಜರಿ, ಚೇಳು ಓಡಾಡುವ ಮನೆಯಾದರೆ, ನೆಲ ಥಂಡಿ ಹಿಡಿದಿದ್ದರೆ, ಬೆಕ್ಕು ಒಳಗೆ ಬರುತ್ತಿದ್ದರೆ ಕ್ರಿಬ್ ಒಯ್ಯಿರಿ. ನಾವು ಒಯ್ದದ್ದು ಅದಕ್ಕೇ, ಈಗಲೂ ಒಯ್ಯುತ್ತಿದ್ದೆ. ಸೊಳ್ಳೆ ಪರದೆಯನ್ನು ಕ್ರಿಬ್ಬಿನ ಬಾಯಿಗೆ ಹೊದಿಸಬೇಡಿ, ಅದು ಒಳಕ್ಕೆ ಜೋತುಬಿದ್ದು ಮಗುವಿನ ಕೈಗೆ ಸಿಗುತ್ತದೆ. ದೊಡ್ಡವರ ಪರದೆಯನ್ನೇ ನಾಲ್ಕು ಮೂಲೆಗೆ ಬಿಗಿಯಾಗಿ ಕಟ್ಟಿ, ಇಡೀ ಕ್ರಿಬ್ ಅದರೊಳಗೆ ಬರುವಂತೆ ನಿಲ್ಲಿಸಿ.

ಹೊರಡುವ ವಾರ ಮೊದಲೇ ಅಮ್ಮನಿಗೋ ಅತ್ತೆಗೋ ಫೋನ್ ಮಾಡಿ, ಮಗುವಿಗೆ ಹಾಸಿಗೆ ದಿಂಬು ಹೊಲಿಸಬೇಡಿ ಎಂದು ಹೇಳಿಬಿಡಿ. ಅವರು ಹೊಲಿಸಿ, ಹಾಸಿ, ಕಾದು ಕುಳಿತ ಮೇಲೆ ಬೇಡವೆನ್ನುವುದು ಬಹಳ ಕಷ್ಟ. ಅವರಿಗೆ ಮಾಡುವ ಆಸೆಯಿದ್ದರೆ ಪ್ಯಾಡಿನ ಅಳತೆ ಕಳಿಸಿ, ಪ್ಯಾಡಿಗೆ ತೊಡಿಸುವ ಎರಡು ಹತ್ತಿಬಟ್ಟೆಯ ಕವರ್ ಹೊಲಿಸಲು ಹೇಳಿ. ಸುತ್ತಲೂ ಇಲಾಸ್ಟಿಕ್ ಇರಲಿ, ತೊಳೆದ ಮೇಲೂ ಪ್ಯಾಡಿಗೆ ಬಿಗಿಯಾಗಿ ಕೂರಲಿ. ಕ್ರಿಬ್ ಆರಿಸಿದ ಮೇಲೆ ಅದರ ಮಾದರಿ ಸಂಖ್ಯೆಯನ್ನು ಇಲ್ಲೇ ಬರೆಯಿರಿ, ಹಿಂದಕ್ಕೆ ಕರೆಸಿಕೊಂಡವುಗಳ ಪಟ್ಟಿಯಲ್ಲಿ ನಾನೂ ಒಮ್ಮೆ ಹುಡುಕಿ ತಿಳಿಸುತ್ತೇನೆ.