ಮಡಚುವ ಸೈಕಲ್: 16 ಇಂಚೋ, 20 ಇಂಚೋ?

ಉಡುಪಿಯ ಕುಂಜಿಬೆಟ್ಟಿನ ಮನೆಯಿಂದ ಮಣಿಪಾಲದ ಕಚೇರಿಗೆ ಹೋಗಿ, ಬರುವಾಗ ತರಕಾರಿ, ಮೀನು ತರಲು 16 ಇಂಚಿನ ಚಕ್ರ ಸಾಕೇ, ಗಿಯರ್ ಬೇಕೇ ಎಂದು ಕೇಳಿದ್ದೀರಿ. ದಿನವೂ ರೈಲು ಹತ್ತುವವರಾಗಿದ್ದರೆ, ಮಡಚಿದಾಗ ಚಿಕ್ಕದಾಗುವ 16 ಎನ್ನುತ್ತಿದ್ದೆ. ನಿಮಗೆ 20 ಇಂಚೇ ಸರಿ. ಟೈರಿನ ಬದಿಯಲ್ಲಿ 406 ಎಂಬ ಅಂಕಿ (ರಿಮ್ಮಿನ ಅಳತೆ, ಮಿಲಿಮೀಟರಿನಲ್ಲಿ) ಇದೆಯೇ ನೋಡಿ. ಹುಡುಗರು ಕಸರತ್ತು ಮಾಡುವ ಬಿಎಂಎಕ್ಸ್ ಸೈಕಲ್ಲಿಗೂ ಅದೇ ಅಳತೆ, ಹಾಗಾಗಿ ಟ್ಯೂಬಿಗೆ ಪರದಾಟವಿಲ್ಲ. 451 ಎಂದಿದ್ದರೆ ಬಿಟ್ಟುಬಿಡಿ.

ಗಿಯರ್ ಬೇಕೇ ಬೇಕು. ಇಂದ್ರಾಳಿ ದಾಟಿದ ಮೇಲಿನ ಏರು ನಿಮಗೆ ಗೊತ್ತಿರುವುದೇ. ‘ಏಳು ಗಿಯರ್ ಇದೆ’ ಎಂಬ ಮಾತಿಗೆ ಮರುಳಾಗದೆ ಅಂಗಡಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಹಲ್ಲು ಎಣಿಸಿ. ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 52, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 28 ಇದ್ದರೆ ಏದುಸಿರು ಖಂಡಿತ. 46 ಮತ್ತು 32 ಆದರೆ ಪೆಡಲ್ ಎಷ್ಟೋ ಹಗುರ. ನಾನು ಎಣಿಸದೆ ಕೊಂಡು, ಮೂರು ತಿಂಗಳು ತಳ್ಳಿಕೊಂಡೇ ಗುಡ್ಡ ಹತ್ತಿದವನು.

ಮೀನಿನ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಬೇಡಿ. ಸಣ್ಣ ಚಕ್ರದ ಸೈಕಲ್ ಮೊದಲೇ ಚಂಚಲ, ಒಂದು ಕಿಲೋ ಬಂಗುಡೆ ಓಲಾಡಿದರೂ ದಾರಿ ತಪ್ಪಿಸುತ್ತದೆ. ಹಿಂದೆ ಗಟ್ಟಿ ಕ್ಯಾರಿಯರ್ ಇರಲಿ. ಮಡ್‌ಗಾರ್ಡ್ ಇಲ್ಲದಿದ್ದರೆ ಜೂನ್‌ನಲ್ಲಿ ಅಂಗಿಯ ಬೆನ್ನ ಮೇಲೆ ಕೆಂಪು ಪಟ್ಟೆ ಬೀಳುತ್ತದೆ.

ಕೊಳ್ಳುವ ಮೊದಲು ಹತ್ತು ಸಲ ಮಡಚಿ ಬಿಡಿಸಿ. ಆಮೇಲೆ ಮುಂದಿನ ಬ್ರೇಕ್ ಒತ್ತಿ ಹಿಡಿದು ಹ್ಯಾಂಡಲ್ಲನ್ನು ಅಲ್ಲಾಡಿಸಿ. ಕೀಲಿನ ಬಳಿ ‘ಕಟಕಟ’ ಎಂದರೆ ಆ ಸೈಕಲ್ ಬೇಡ.