ನೆರೆ ಇಳಿದ ಮೇಲೆ ಬಾವಿ ನೀರು

ಪ್ರಶ್ನೆ: ಅಘನಾಶಿನಿ ಉಕ್ಕಿದಾಗೆಲ್ಲ ನಮ್ಮ ಬಾವಿ ಮುಳುಗುತ್ತದೆ. ನೀರಿಳಿದ ಮೇಲೆ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಎರಚುತ್ತೇವೆ. ಅಷ್ಟು ಸಾಕೇ?
– ಓದುಗರು, ಕುಮಟಾ ತಾಲ್ಲೂಕು

ಮುಷ್ಟಿಯ ಲೆಕ್ಕ ಬಿಡಿ. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ (ಎರಡೂ ಮೀಟರಿನಲ್ಲಿ), ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರಿದ್ದರೆ 9,420 ಲೀಟರ್. ಮಾಮೂಲಿ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಪುಡಿ ಸಾಕು. ನೆರೆ ನೀರು ಹೊಕ್ಕ ಬಾವಿಗೆ ಅದರ ಇಮ್ಮಡಿ, ಅಂದರೆ ಇಲ್ಲಿ ಸುಮಾರು 47 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ.

ಅದಕ್ಕೂ ಮೊದಲು ಬಗ್ಗಡ ನೀರನ್ನು ಎತ್ತಿ ಹಾಕಬೇಕು. ರಾಡಿಯೇ ಪುಡಿಯಲ್ಲಿನ ಕ್ಲೋರಿನ್ನನ್ನು ತಿಂದುಹಾಕುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ. ಆದರೆ ಪಂಪು ಹಚ್ಚಿ ಒಂದೇ ಏಟಿಗೆ ಬಾವಿ ಬರಿದು ಮಾಡಬೇಡಿ: ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಒಳಗೆ ಆಸರೆ ತಪ್ಪಿದರೆ ಗೋಡೆ ಕುಸಿಯಬಹುದು. ಹೂಳು ತೆಗೆಯಲೆಂದು ಯಾರೂ ಕೂಡಲೇ ಇಳಿಯಲೂಬಾರದು, ವಿಷಗಾಳಿ ಇರಬಹುದು.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ತಳದ ಗಸಿ ಬರೀ ಸುಣ್ಣ, ಅದು ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ತಿಳಿ ತುಂಬಿದ ಬಕೆಟ್ಟನ್ನು ಹಗ್ಗದಲ್ಲಿ ನೀರೊಳಗೆ ಇಳಿಸಿ ಮೇಲೆ-ಕೆಳಗೆ ಜಗ್ಗಾಡಿದರೆ ತಳದವರೆಗೂ ಬೆರೆಯುತ್ತದೆ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು; ರಾತ್ರಿ ಹಾಕಿ ಬೆಳಗ್ಗೆ ಸೇದುವುದು ಉತ್ತಮ. ಗಂಟೆಯ ಬಳಿಕ ಕ್ಲೋರಿನ್ ವಾಸನೆಯೇ ಇಲ್ಲದಿದ್ದರೆ ಮತ್ತೊಮ್ಮೆ ಹಾಕಿ. ಕುಡಿಯುವ ನೀರನ್ನಂತೂ ಕುದಿಸಿಯೇ ಕುಡಿಯಿರಿ.

ಕಳೆದ ವರ್ಷದ ಪೊಟ್ಟಣ ಉಳಿದಿದ್ದರೆ ಮೂಸಿ ನೋಡಿ. ಘಾಟು ಹೋಗಿ ಗಂಟುಕಟ್ಟಿದ್ದರೆ ಗೋಡೆಗೆ ಬಳಿಯಬಹುದು, ಅಷ್ಟೇ. ಹೊಸದನ್ನು ಮೇ ತಿಂಗಳಲ್ಲಿ ತಂದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕತ್ತಲೆಯಲ್ಲಿಡಿ. ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ನೀರು ಅಂಗಳಕ್ಕೆ ಬಂದಾಗ ಮೇನ್ ಸ್ವಿಚ್ ಆರಿಸಿದರೆ ಸಾಲದೇ?
– ಓದುಗರು, ಅಂಕೋಲಾ

ಇನ್ವರ್ಟರ್ ಇರುವ ಮನೆಯಲ್ಲಿ ಸಾಲದು. ಮೇನ್ ಆರಿದೊಡನೆ ಕರೆಂಟ್ ಹೋಯಿತೆಂದುಕೊಂಡು ಅದು ತಾನೇ ಚಾಲೂ ಆಗುತ್ತದೆ, ಪ್ಲಗ್ಗುಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಎರಡನ್ನೂ ಆರಿಸಿ, ಅದೂ ಕಾಲು ಒಣಗಿರುವಾಗಲೇ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಿಟಕಿಯ ಸರಳಿಗೆ ಕಟ್ಟಿಡಿ; 14.2 ಕಿಲೋದ ಸಿಲಿಂಡರ್ ತುಂಬಿದ್ದರೂ ತೇಲುತ್ತದೆ.